50ರಲ್ಲಿ 12: ಅಚ್ಚಿನ ಚಿತ್ರ ಕೊಳ್ಳುವುದು, ಕಟ್ಟು ಹಾಕಿಸುವುದು, ಉಳಿಸಿಕೊಳ್ಳುವುದು

ಜನವರಿಯ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಒಂದೇ ಮಳಿಗೆಯಲ್ಲಿ ಒಂದೇ ಅಳತೆಯ ಎರಡು ಚಿತ್ರಗಳು ಪಕ್ಕಪಕ್ಕ ತೂಗುತ್ತಿರುವುದು ಅಪರೂಪವೇನಲ್ಲ. ಎರಡರ ಕೆಳಗೂ ಎಡಗಡೆ ಪೆನ್ಸಿಲಿನಲ್ಲಿ 12/50 ಎಂದಿದೆ, ಬಲಗಡೆ ಸಹಿ ಇದೆ. ಎರಡನ್ನೂ ‘ಲಿಮಿಟೆಡ್ ಎಡಿಷನ್ ಪ್ರಿಂಟ್’ ಎಂದೇ ಕರೆಯುತ್ತಾರೆ. ಬೆಲೆ ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು, ಕಲಾವಿದ ಲೋಹದ ತಗಡಿನ ಮೇಲೆ ಗೀರಿ, ಆಸಿಡ್‌ಗೆ ಅದ್ದಿ, ಕೈಯಿಂದ ಶಾಯಿ ತುಂಬಿ ತೆಗೆದ ಎಚ್ಚಿಂಗ್. ಇನ್ನೊಂದು, ಕ್ಯಾನ್ವಾಸಿನ ಮೇಲೆ ಬರೆದ ಚಿತ್ರವನ್ನು ಸ್ಕ್ಯಾನ್ ಮಾಡಿ ಇಂಕ್‌ಜೆಟ್ ಯಂತ್ರದಲ್ಲಿ ತೆಗೆದ ಪ್ರತಿ. ಎರಡನ್ನೂ ಕೊಳ್ಳಬಹುದು. ಒಂದರ ಬೆಲೆ ಕೊಟ್ಟು ಇನ್ನೊಂದನ್ನು ಮನೆಗೆ ತರಬಾರದು, ಅಷ್ಟೇ.

ಗೊಂದಲಕ್ಕೆ ‘ಪ್ರಿಂಟ್’ ಎನ್ನುವ ಪದವೇ ಕಾರಣ. ಪ್ರಿಂಟ್ ಅಂದರೆ ನಕಲು ಎಂದು ನಮ್ಮ ಕಿವಿಗೆ ರೂಢಿಯಾಗಿಬಿಟ್ಟಿದೆ: ಮೂಲ ಎಲ್ಲೋ ಇದೆ, ಇದು ಅದರ ಜೆರಾಕ್ಸ್. ಮುದ್ರಣ ಕಲೆಯಲ್ಲಿ ಲೆಕ್ಕ ಬೇರೆ. ಕಲಾವಿದರು ತಗಡಿನ ಮೇಲೋ ಮರದ ಹಲಗೆಯ ಮೇಲೋ ಚಿತ್ರವನ್ನು ಎಡಬಲ ತಿರುವಿ ಕೆತ್ತುತ್ತಾರೆ. ಕಾಗದಕ್ಕೆ ಇಳಿದ ಮೇಲೆಯೇ ಅದು ಚಿತ್ರ. 50 ಹಾಳೆ ತೆಗೆದರೆ 50ಕ್ಕೂ ಮೂಲದ ಪಟ್ಟ. ಸುಂಕದ ಪಟ್ಟಿಯ 97ನೇ ಅಧ್ಯಾಯವೂ ಇದನ್ನೇ ಹೇಳುತ್ತದೆ: ಕಲಾವಿದ ಪೂರ್ತಿ ಕೈಯಿಂದ ಮಾಡಿದ ಪಡಿಯಚ್ಚಿನಿಂದ ನೇರವಾಗಿ ತೆಗೆದದ್ದು ಮಾತ್ರ ‘ಮೂಲ’, ಯಂತ್ರದ ಅಥವಾ ಫೋಟೊ ವಿಧಾನದ ಅಚ್ಚು ಆ ಗುಂಪಿಗೆ ಸೇರುವುದಿಲ್ಲ. ಕಲೆಯ ವಿಷಯದಲ್ಲಿ ಸುಂಕದವರ ಮಾತು ಇಷ್ಟು ಸ್ಪಷ್ಟವಾಗಿರುವುದು ಆಶ್ಚರ್ಯವೇ.

ಕೈಯಚ್ಚಿನಲ್ಲಿ ನಾಲ್ಕು ಮನೆತನಗಳಿವೆ. ಬೇಡದ ಭಾಗವನ್ನು ಕೆತ್ತಿ ತೆಗೆದು, ಉಬ್ಬಿ ಉಳಿದದ್ದಕ್ಕೆ ಶಾಯಿ ಹಚ್ಚಿದರೆ ಮರದಚ್ಚು, ಲಿನೋಕಟ್. ಚಿತ್ತಪ್ರಸಾದ್ ಅವರ ಲಿನೋಕಟ್‌ಗಳು, ಹರೇನ್ ದಾಸ್ ಅವರ ಮರದಚ್ಚುಗಳು ಈ ಸಾಲಿನವು. ಇದಕ್ಕೆ ತದ್ವಿರುದ್ಧವಾಗಿ, ತಗಡಿನ ತಗ್ಗಿನೊಳಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ನೆನೆಸಿದ ಕಾಗದವನ್ನು ರೋಲರಿನ ಕೆಳಗೆ ಒತ್ತಿದರೆ ಎಚ್ಚಿಂಗ್, ಡ್ರೈಪಾಯಿಂಟ್, ಅಕ್ವಾಟಿಂಟ್. ಮೂರನೆಯದು ಕಲ್ಲಚ್ಚು. ಎಣ್ಣೆಗೂ ನೀರಿಗೂ ಆಗದು ಎಂಬ ಗುಣವನ್ನೇ ಬಳಸಿ ಸುಣ್ಣಕಲ್ಲಿನ ಮೇಲೆ ಬರೆದು ತೆಗೆಯುವ ವಿಧಾನ ಇದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ನಾಲ್ಕನೆಯದು ಬಟ್ಟೆಯ ಪರದೆಯ ಮೂಲಕ ಶಾಯಿ ಇಳಿಸುವ ಸ್ಕ್ರೀನ್ ಪ್ರಿಂಟ್, ಮದುವೆ ಕಾಗದ ಮಾಡುವವರೆಲ್ಲ ಬಲ್ಲದ್ದು.

ಇವುಗಳ ನಡುವಣ ಬೆರಕೆಗಳೂ ಇವೆ. ಮುದ್ರಣ ಕಲಾವಿದ ಕೃಷ್ಣ ರೆಡ್ಡಿ (1925–2018) ಪ್ಯಾರಿಸ್ಸಿನ ಅಟೆಲಿಯೆ 17 ಎಂಬ ಕಾರ್ಯಾಗಾರದಲ್ಲಿ ಬೆಳೆಸಿದ ವಿಸ್ಕಾಸಿಟಿ ವಿಧಾನದಲ್ಲಿ, ತಗಡನ್ನು ಬೇರೆಬೇರೆ ಆಳಕ್ಕೆ ಕೊರೆದು, ಎಣ್ಣೆಯ ಪ್ರಮಾಣ ಬೇರೆಬೇರೆ ಇರುವ ಶಾಯಿಗಳನ್ನು ಗಟ್ಟಿ ಮತ್ತು ಮೆತ್ತನೆಯ ರೋಲರುಗಳಿಂದ ಹಚ್ಚುತ್ತಾರೆ. ತೆಳು ಶಾಯಿ ಇರುವ ಕಡೆ ಗಟ್ಟಿ ಶಾಯಿ ಹತ್ತುವುದಿಲ್ಲ. ಹೀಗಾಗಿ ಒಂದೇ ತಗಡು, ಒಂದೇ ಒತ್ತು, ಹಲವು ಬಣ್ಣ.

ಇನ್ನು ಆ 12/50. ಮೇಲಿನ ಅಂಕಿ ಈ ಹಾಳೆಯದು, ಕೆಳಗಿನದು ಆವೃತ್ತಿಯ ಒಟ್ಟು ಹಾಳೆಗಳದು. ಮೇಲಿನ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ನಂಬಬೇಕಿಲ್ಲ. ಒಣಗಿದ ಹಾಳೆಗಳ ಕಟ್ಟನ್ನು ಮುಂದಿಟ್ಟುಕೊಂಡು ಸಹಿ ಮಾಡುವಾಗ ಕೈಗೆ ಸಿಕ್ಕ ಕ್ರಮದಲ್ಲಿ ಸಂಖ್ಯೆ ಬೀಳುತ್ತದೆ. ಅಚ್ಚಾದ ಕ್ರಮವೇ ಅದು ಎಂಬ ಖಾತ್ರಿ ಇಲ್ಲ. ಡ್ರೈಪಾಯಿಂಟ್ ಮಾತ್ರ ಇದಕ್ಕೆ ಹೊರತು. ಸೂಜಿಯಿಂದ ತಗಡನ್ನು ಗೀರಿದಾಗ ಗೀರಿನ ಅಂಚಿಗೆ ಲೋಹದ ಸಣ್ಣ ಸಿಬರು ಏಳುತ್ತದೆ. ಆ ಚಿತ್ರದ ಮೆತ್ತನೆಯ ಮಖಮಲ್ ಕಪ್ಪು ಬರುವುದು ಅದರಿಂದಲೇ. ಪ್ರತಿ ಒತ್ತಿಗೂ ಅದು ಮಲಗುತ್ತ ಹೋಗುತ್ತದೆ, ಕೆಲವೇ ಹತ್ತು ಪ್ರತಿಗಳಲ್ಲಿ ಕಪ್ಪು ತೆಳುವಾಗುತ್ತದೆ. ಡ್ರೈಪಾಯಿಂಟ್ ಮೇಲೆ 140/150 ಎಂದಿದ್ದರೆ, ತಗಡಿಗೆ ಉಕ್ಕಿನ ಲೇಪ ಕೊಟ್ಟಿದ್ದರೇ ಎಂದು ಕೇಳಿ. ಹಾಗೆ ಗಟ್ಟಿ ಮಾಡದೆ ಅಷ್ಟು ಹಾಳೆ ಚೆನ್ನಾಗಿ ಬರುವುದಿಲ್ಲ.

ಸಂಖ್ಯೆಯ ಬದಲು ಎ/ಪಿ ಎಂದಿದ್ದರೆ ಅದು ಕಲಾವಿದರು ತಮಗೆಂದು ಇಟ್ಟುಕೊಂಡ ಪ್ರತಿ. ಸಾಮಾನ್ಯವಾಗಿ ಆವೃತ್ತಿಯ ಶೇಕಡ 10ರಷ್ಟು. 50ರ ಆವೃತ್ತಿಗೆ 5 ಎ/ಪಿ ಸಹಜ, 25 ಇದ್ದರೆ ‘ಲಿಮಿಟೆಡ್’ ಎನ್ನುವ ಮಾತೇ ಸಡಿಲ. ಕಲಾವಿದರು ತೀರಿಕೊಂಡ ಮೇಲೆ ಮನೆಯವರು ಅದೇ ತಗಡಿನಿಂದ ಮತ್ತೆ ತೆಗೆಸುವುದುಂಟು. ಅದು ಮೋಸವಲ್ಲ, ಆದರೆ ಹಾಗೆಂದು ಬರೆದಿರಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿರಬೇಕು.

ಪೆನ್ಸಿಲಿನ ಬರಹ ಯಾರ ಕೈಯಲ್ಲೂ ಸಾಧ್ಯ, ಹಾಗಾಗಿ ಕೊನೆಯ ಮಾತು ಕಾಗದದ್ದೇ. ಚಿನಿವಾರರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಲೂಪ್ ಒಂದನ್ನು ಚಿಕ್ಕಪೇಟೆಯ ಕಡೆ ಹೋದಾಗ ತಂದಿಟ್ಟುಕೊಳ್ಳಿ. ಚಿತ್ರವನ್ನು ಗಾಜಿನಿಂದ ಹೊರಗೆ ತೆಗೆಸಿ, ಕಿಟಕಿಯ ಪಕ್ಕ ಮಟ್ಟವಾಗಿ ಮಲಗಿಸಿ, ಬೆಳಕು ಓರೆಯಾಗಿ ಬೀಳುವಂತೆ ನಿಂತು ನೋಡಿ. ಎಚ್ಚಿಂಗ್ ಆಗಿದ್ದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದವನ್ನು ಒತ್ತಿದ ತಗ್ಗು ಕಾಣುತ್ತದೆ, ಗೆರೆಗಳ ಶಾಯಿ ಕಾಗದದ ಮೇಲೆ ಕೂದಲೆಳೆಯಷ್ಟು ಎದ್ದು ನಿಂತಿರುತ್ತದೆ. ಬೆರಳಿಟ್ಟು ನೋಡುವ ಆಸೆ ಬೇಡ, ಬೆವರಿನ ಗುರುತು ವರ್ಷಗಳ ಮೇಲೆ ಕಂದಾಗಿ ಮೂಡುತ್ತದೆ. ಮರದಚ್ಚಿನಲ್ಲಿ ಗೆರೆಯ ನಡುವೆ ಶಾಯಿ ತೆಳು, ಅಂಚಿನಲ್ಲಿ ದಪ್ಪ, ಒತ್ತಡಕ್ಕೆ ಶಾಯಿ ಬದಿಗೆ ಸರಿದ ಗುರುತು ಅದು. ಕಲ್ಲಚ್ಚಿನಲ್ಲಿ ಕ್ರೇಯಾನಿನ ತರಿ, ಯಾವ ಕ್ರಮಕ್ಕೂ ಸಿಗದಂತೆ ಚದುರಿರುತ್ತದೆ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಪುಟ್ಟ ಹೂವಿನ ಎಸಳಿನಂತೆ ಸಾಲಾಗಿ ಜೋಡಿಸಿಕೊಂಡಿದ್ದರೆ ಅದು ಆಫ್‌ಸೆಟ್, ಕ್ಯಾಲೆಂಡರಿನ ತಮ್ಮ. ಸಾಲಿಲ್ಲದೆ ಸಿಂಪಡಿಸಿದಂತೆ ಅತಿ ಸಣ್ಣ ಹನಿಗಳಿದ್ದರೆ ಇಂಕ್‌ಜೆಟ್. ಆಫ್‌ಸೆಟ್ ಚಿತ್ರದ ಸುತ್ತ ಬೇಕೆಂದೇ ಸುಳ್ಳು ತಗಡಿನ ಗುರುತು ಒತ್ತುವವರಿದ್ದಾರೆ, ಆದ್ದರಿಂದ ತಗ್ಗನ್ನೂ ಚುಕ್ಕಿಯನ್ನೂ ಎರಡನ್ನೂ ನೋಡಬೇಕು.

ನಮ್ಮ ಹಳೆಯ ಮನೆಗಳಲ್ಲಿ ಈ ಪರೀಕ್ಷೆಗೆ ಮೊದಲು ಸಿಗುವುದು ದೇವರ ಮನೆಯ ಲಕ್ಷ್ಮಿ, ಸರಸ್ವತಿಯರ ಪಟ. ರಾಜಾ ರವಿವರ್ಮ (1848–1906) 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಅದು ಮುಂದೆ ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರ ಕೈಗೆ ಬಂತು. ಅಲ್ಲಿ ತೆಗೆದ ಓಲಿಯೋಗ್ರಾಫ್‌ಗಳು ಬಣ್ಣಕ್ಕೊಂದರಂತೆ ಹಲವು ಕಲ್ಲುಗಳಿಂದ ಒಂದರ ಮೇಲೊಂದು ಒತ್ತಿ, ಮೇಲೆ ವಾರ್ನಿಷ್ ಬಳಿದವು. ಲೂಪಿನಲ್ಲಿ ಕಲ್ಲಚ್ಚಿನ ಚದುರಿದ ಚುಕ್ಕಿ ಕಂಡರೆ ಪಟ ಹಳೆಯದು, ಹೂವಿನ ಸಾಲು ಕಂಡರೆ ಇತ್ತೀಚಿನ ಮರುಮುದ್ರಣ. ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರಿದ್ದರೆ ಅದೇ ಚಿತ್ರದ ಜಾತಕ. ಎಷ್ಟೋ ಪಟಗಳಲ್ಲಿ ಕಟ್ಟು ಹಾಕುವವರು ಅಳತೆಗೆ ಕೂರಲಿಲ್ಲವೆಂದು ಅದನ್ನೇ ಕತ್ತರಿಸಿ ಎಸೆದಿದ್ದಾರೆ. ದೇವಿಯ ಸೀರೆಗೆ ಜರಿ, ಚಮಕಿ ಅಂಟಿಸಿದ್ದರೆ ಕೀಳಬೇಡಿ. ಅಂಥವನ್ನೇ ಹುಡುಕಿ ಕೊಳ್ಳುವವರಿದ್ದಾರೆ. ನೂರು ವರ್ಷ ದಾಟಿದ ಪಟವನ್ನು ಅಮೆರಿಕದ ಮಗಳ ಮನೆಗೆ ಸೂಟ್‌ಕೇಸಿನಲ್ಲಿ ಇಟ್ಟು ಕಳಿಸುವ ಯೋಚನೆಯೂ ಬೇಡ: 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಅದು ದೇಶ ಬಿಟ್ಟು ಹೋಗುವಂತಿಲ್ಲ.

ಇಂಕ್‌ಜೆಟ್ ಪ್ರತಿಯನ್ನು ತುಚ್ಛವಾಗಿ ಕಾಣಬೇಕಿಲ್ಲ. ‘ಜಿಕ್ಲೇ’ ಎನ್ನುವ ಫ್ರೆಂಚ್ ವೇಷದ ಹೆಸರು 1991ರಲ್ಲಿ ಹುಟ್ಟಿದ್ದೇ ‘ಇಂಕ್‌ಜೆಟ್’ ಎಂದರೆ ಬೆಲೆ ಬಾರದೆಂದು. ಹೆಸರು ಬಿಟ್ಟು ವಸ್ತು ನೋಡಿ. ಶಾಯಿ ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿಯದು ಆಗಿರಬೇಕು. ಕರಗಿದ ಬಣ್ಣದ ಡೈ ಶಾಯಿ ಬೆಳಕಿರುವ ಹಾಲ್‌ನಲ್ಲಿ ಕೆಲವೇ ವರ್ಷಗಳಲ್ಲಿ ಪೇಲವವಾಗುತ್ತದೆ. ಕಾಗದ ಪೂರ್ತಿ ಹತ್ತಿಯದು, ಆಮ್ಲವಿಲ್ಲದ್ದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಆಸುಪಾಸಿನದು ಇರಲಿ. ಕಣ್ಣು ಕೋರೈಸುವ ಬಿಳುಪಿದ್ದರೆ ಅದರಲ್ಲಿ ಬಿಳುಪುಕಾರಕ ಬೆರೆತಿದೆ, ಅದು ಸತ್ತಂತೆ ಕಾಗದ ಹಳದಿಗೆ ತಿರುಗುತ್ತದೆ. ಮುಖ್ಯ ಪ್ರಶ್ನೆ ಇನ್ನೊಂದು: ಇದೇ ಚಿತ್ರ ಎಷ್ಟು ಅಳತೆಗಳಲ್ಲಿ ಬಂದಿದೆ? ಸಣ್ಣದರಲ್ಲಿ 50, ನಡುವಿನದರಲ್ಲಿ 50, ದೊಡ್ಡದರಲ್ಲಿ 50 ಎಂದರೆ ನಿಮ್ಮದು 150ರಲ್ಲಿ ಒಂದು.

ಮನೆಯಲ್ಲೇ ಫೈಲ್ ಇಟ್ಟುಕೊಂಡು ಪ್ರಿಂಟ್ ಹಾಕಿಸುವವರಿಗೆ ಲೆಕ್ಕ ಸುಲಭ. ಇಂಚಿಗೆ 300 ಪಿಕ್ಸೆಲ್ ಎಂದುಕೊಂಡರೆ 16×20 ಇಂಚಿಗೆ 4800×6000 ಪಿಕ್ಸೆಲ್ ಬೇಕು. ಅಂತರ್ಜಾಲದಿಂದ ಇಳಿಸಿಕೊಂಡ 2000 ಪಿಕ್ಸೆಲ್ ಅಗಲದ ಚಿತ್ರ 7 ಇಂಚೂ ದಾಟುವುದಿಲ್ಲ, ಹಿಗ್ಗಿಸಿದರೆ ಮಸುಕು. ಹಕ್ಕಿನ ವಿಚಾರವೂ ಇದೆ. ನಮ್ಮಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ರವಿವರ್ಮರ ಚಿತ್ರಗಳು ಎಂದೋ ಎಲ್ಲರವೂ ಆಗಿವೆ. ಕೆ. ವೆಂಕಟಪ್ಪನವರು ಹೋದದ್ದು 1965ರಲ್ಲಿ, ಆ ಲೆಕ್ಕಕ್ಕೆ ಅವಧಿ 2025ರ ಕೊನೆಯವರೆಗೆ. ಕಲಬುರಗಿಯ ಎಸ್.ಎಂ. ಪಂಡಿತರು ತೀರಿಕೊಂಡದ್ದು 1993ರಲ್ಲಿ, ಅವರ ಕ್ಯಾಲೆಂಡರ್ ದೇವತೆಗಳನ್ನು ಅಚ್ಚು ಹಾಕಿ ಮಾರುವ ಹಾಗಿಲ್ಲ.

ಕಟ್ಟು ಹಾಕಿಸುವ ಕೆಲಸ

ಚಿತ್ರ ಹಾಳಾಗುವುದು ಹೆಚ್ಚಾಗಿ ಫ್ರೇಮ್ ಅಂಗಡಿಯ ಮೇಜಿನ ಮೇಲೆ, ಅದೂ ಒಳ್ಳೆಯ ಮನಸ್ಸಿನಿಂದ. “ಸುಕ್ಕು ಬರ್ದಂಗೆ ಅಂಟಿಸಿಕೊಡ್ತೀನಿ ಸಾರ್” ಎನ್ನುವ ಮಾತು ಕೇಳಿದ ಕೂಡಲೇ ಚಿತ್ರ ವಾಪಸು ತೆಗೆದುಕೊಳ್ಳಿ. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಜಾಗ ಬಿಡಬೇಕು. ಮೈಪೂರ ಅಂಟಿಸಿದ ಹಾಳೆ ಮುಂದೆ ಎಂದೂ ಬಿಡಿಸಲು ಬರುವುದಿಲ್ಲ. ಎಂಡಿಎಫ್ ಹಲಗೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು, ಅಂಚಿಗೆ ಕಪ್ಪು ಬಳಿಯುವ ‘ಲ್ಯಾಮಿನೇಷನ್’ ಮದುವೆ ಫೋಟೊಗೆ ಸರಿ. 12/50 ಎಂದು ಸಹಿ ಬಿದ್ದ ಹಾಳೆಗೆ ಮಾಡಿಸಿದರೆ ಮಾರುಕಟ್ಟೆಯಲ್ಲಿ ಅದರ ಕಥೆ ಅಲ್ಲಿಗೆ ಮುಗಿಯಿತು.

ಹತ್ತು ವರ್ಷ ಹಳೆಯ ಒಂದು ಸಾಧಾರಣ ಕಟ್ಟನ್ನು ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಹಿಂದಿನ ಕಂದು ಕಾಗದ ಹಪ್ಪಳದಂತೆ ಪುಡಿಯಾಗುತ್ತದೆ. ಅದರಡಿ ಹಾರ್ಡ್‌ಬೋರ್ಡ್, ಚಿತ್ರಕ್ಕೆ ನೇರ ಒತ್ತಿಕೊಂಡು ಕೂತಿದೆ. ಅದರ ಆಮ್ಲ ಇಳಿದು ಹಾಳೆಯ ಬೆನ್ನು ಚಹಾ ಬಣ್ಣಕ್ಕೆ ಬಂದಿದೆ. ಮೇಲಿನ ಅಂಚಿಗೆ ಹಚ್ಚಿದ್ದ ಸೆಲ್ಲೊ ಟೇಪು ಒಣಗಿ ತಾನಾಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಎಣ್ಣೆ ಬಿದ್ದಂಥ ಹಳದಿ ಪಟ್ಟಿ ಬಿಟ್ಟಿದೆ. ಮುಂದೆ, ಮೌಂಟ್ (ಚಿತ್ರ ಕಾಣುವಂತೆ ನಡುವೆ ಕಿಟಕಿ ಕೊರೆದು ಮೇಲಿಡುವ ದಪ್ಪ ರಟ್ಟು) ಕಿಟಕಿಯ ಅಂಚು ತಾಗಿದಲ್ಲೆಲ್ಲ ಕಂದು ಗೆರೆ. ಬಿಳಿ ಅಂಚಿನಲ್ಲಿ ಅಲ್ಲಲ್ಲಿ ಮೇಲ್ಪದರ ಮೇಯ್ದು ತೆಳುವಾದ ಜಾಗಗಳು ಬೆಳ್ಳಿಹುಳುವಿನ ಕೆಲಸ; ಅದು ಗಂಜಿಯ ಆಸೆಗೆ ಬರುತ್ತದೆ.

ಹಾಗಾಗಿ ಅಂಗಡಿಯಲ್ಲಿ ಫ್ರೇಮಿನ ಪಟ್ಟಿ ಯಾವುದು, ಚಿನ್ನದ ಬಣ್ಣವೋ ತೇಗವೋ ಎಂದು ಅರ್ಧ ಗಂಟೆ ಕಳೆಯುವ ಬದಲು ಹಿಂದಿನ ಪದರಗಳ ಮಾತು ಮೊದಲು ಮುಗಿಸಿ. ಮೌಂಟ್ ಬೋರ್ಡ್ ಆಮ್ಲರಹಿತವಾಗಿರಲಿ, ಸಾಧ್ಯವಾದರೆ ಹತ್ತಿಯದೇ ಇರಲಿ. ಚಿತ್ರದ ಬೆನ್ನಿಗೂ ಅದೇ ಬೋರ್ಡಿನ ಒಂದು ಹಾಳೆ ಇರಲಿ. ಅದರ ಹಿಂದೆ ಗಟ್ಟಿತನಕ್ಕೆ ಬೇಕಾದ್ದನ್ನು ಇಡಬಹುದು. ಹಾಳೆಯನ್ನು ಹಿಡಿದಿಡಲು ಮೇಲಂಚಿನಲ್ಲಿ ಎರಡೇ ಎರಡು ಕೀಲು ಸಾಕು: ಜಪಾನಿ ಕಾಗದವನ್ನು ಒಂದಿಂಚು ಅಗಲಕ್ಕೆ, ಕತ್ತರಿಸದೆ ಹರಿದು, ಗೋಧಿ ಗಂಜಿಯ ಅಂಟನ್ನು ತೆಳ್ಳಗೆ ಹಚ್ಚಿ, ಹಾಳೆಯ ಬೆನ್ನಿನಲ್ಲಿ ಕಾಲಿಂಚು ಮಾತ್ರ ಹಿಡಿಯುವಂತೆ ಅಂಟಿಸಬೇಕು, ಮೇಲೆ ಬ್ಲಾಟಿಂಗ್ ಕಾಗದ ಇಟ್ಟು ಅರ್ಧ ಗಂಟೆ ಭಾರ ಹೇರಬೇಕು. ಹರಿದ ಅಂಚು ತೆಳುವಾಗಿ ಕಾಗದದಲ್ಲಿ ಸೇರಿಹೋಗುತ್ತದೆ, ಕತ್ತರಿಸಿದ ಅಂಚು ಮುಂದಿನಿಂದ ಗೆರೆಯಾಗಿ ಮೂಡುತ್ತದೆ. ಅಂಟು ನೀರಿಗೆ ಬಿಡುವಂಥದ್ದೇ ಆಗಿರಬೇಕು. ಫ್ರೇಮ್ ಎಂದಾದರೂ ಬಿದ್ದರೆ ಮೊದಲು ಕೀಲು ಹರಿಯಬೇಕು, ಚಿತ್ರವಲ್ಲ.

ಅಳತೆಯ ಲೆಕ್ಕ ಒಂದು ಉದಾಹರಣೆಯಲ್ಲಿ ನೋಡೋಣ. ತಗಡಿನ ಗುರುತು 8×10 ಇಂಚು, ಹಾಳೆ 13×17. ಸಹಿ, ಸಂಖ್ಯೆ, ತಗಡಿನ ತಗ್ಗು ಮೂರೂ ಕಾಣಬೇಕಾದ್ದರಿಂದ ಕಿಟಕಿಯನ್ನು ಮೂರು ಬದಿ ಅರ್ಧ ಇಂಚು, ಕೆಳಗೆ ಮುಕ್ಕಾಲು ಇಂಚು ಬಿಟ್ಟು ಕೊರೆಸಿ: 9×11.25. ಮೌಂಟ್ ಅಗಲ ಮೂರು ಬದಿ 3 ಇಂಚು, ಕೆಳಗೆ 3.5. ಒಟ್ಟು 15×17.75. ಕೆಳಗಿನ ಅರ್ಧ ಇಂಚು ಹೆಚ್ಚು ಯಾಕೆಂದರೆ ನಾಲ್ಕೂ ಬದಿ ಸಮ ಇಟ್ಟರೆ ಚಿತ್ರ ಕೆಳಗೆ ಜಾರಿದಂತೆ ಕಾಣುತ್ತದೆ. ಇದೇ ತಗಡು 15×20 ಹಾಳೆಯ ಮೇಲಿದ್ದರೆ ಅದು ಈ ಕಟ್ಟಿನಲ್ಲಿ ಕೂರುವುದಿಲ್ಲ. ಆಗ ಕತ್ತರಿ ಹಾಳೆಯ ಹತ್ತಿರ ಬರದಂತೆ ನೋಡಿಕೊಂಡು, ಮೌಂಟನ್ನೇ 16×21ಕ್ಕೆ ಹಿಗ್ಗಿಸಬೇಕು. ಅಂಚು ಕತ್ತರಿಸಿದ ಹಾಳೆಗೆ ಬೆಲೆ ಬೀಳುತ್ತದೆ.

ಗಾಜು ಚಿತ್ರಕ್ಕೆ ತಾಗಬಾರದು. ತಾಗಿದರೆ ಒಳಗೆ ಬೆವರಿದ ನೀರು ಶಾಯಿಯನ್ನು ಗಾಜಿಗೆ ಅಂಟಿಸುತ್ತದೆ, ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಮೌಂಟಿನ ದಪ್ಪವೇ ಆ ಅಂತರ ಕೊಡುತ್ತದೆ. ಮೌಂಟ್ ಬೇಡವೆಂದರೆ ಪಟ್ಟಿಯ ಒಳಗೆ ಸ್ಪೇಸರ್ ಹಾಕಿಸಿ. 16×20 ಅಳತೆಗೆ 2 ಮಿ.ಮೀ. ಗಾಜು ಸುಮಾರು ಒಂದು ಕಿಲೋ ತೂಗುತ್ತದೆ, ತೊಂದರೆಯಿಲ್ಲ. 3×4 ಅಡಿಗೆ 4 ಮಿ.ಮೀ. ಗಾಜೆಂದರೆ 11 ಕಿಲೋ. ಅಲ್ಲಿ 3 ಮಿ.ಮೀ. ಅಕ್ರಿಲಿಕ್ 4 ಕಿಲೋದಲ್ಲಿ ಮುಗಿಯುತ್ತದೆ, ಗೀರು ಬೀಳುತ್ತದೆ ಎನ್ನುವುದೊಂದೇ ಕೊರತೆ.

ಬೆಂಗಳೂರಿನ ಗೋಡೆ, ಬೆಂಗಳೂರಿನ ಬಿಸಿಲು

ಉತ್ತರದ ಬೆಳಕು ಚಿತ್ರಕ್ಕೆ ಕ್ಷೇಮ ಎಂಬ ನಿಯಮ ಯುರೋಪಿನಿಂದ ಬಂದದ್ದು, ಅಲ್ಲಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನ ನೆರಳೇ ಬೀಳದ ದಿನ ಬರುತ್ತದಲ್ಲ, ಅಲ್ಲಿಂದ ಆಗಸ್ಟ್ 18ರ ಎರಡನೇ ಶೂನ್ಯ ನೆರಳಿನ ದಿನದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಕಿಟಕಿಯಿಂದಲೂ ಬೆಳಗ್ಗೆ, ಸಂಜೆ ನೇರ ಬಿಸಿಲು ಒಳಗೆ ಬರುತ್ತದೆ. ಡಿಸೆಂಬರಿನಲ್ಲಿ ನೋಡಿ ಆರಿಸಿದ ‘ನೆರಳಿನ ಗೋಡೆ’ಯನ್ನು ಮೇನಲ್ಲಿ ಇನ್ನೊಮ್ಮೆ ನೋಡಲೇಬೇಕು. ಸಂಗ್ರಹಾಲಯಗಳು ಕಾಗದದ ಚಿತ್ರಕ್ಕೆ 50 ಲಕ್ಸ್ ಬೆಳಕಿಗೆ ಮಿತಿ ಹಾಕಿಕೊಳ್ಳುತ್ತವೆ. ಮನೆಯಲ್ಲಿ ಅಷ್ಟು ಮಬ್ಬು ಆಗದ ಮಾತು, ಹಾಗಾಗಿ ಆರು ತಿಂಗಳಿಗೊಮ್ಮೆ ಚಿತ್ರ ಬದಲಿಸಿ, ಇಳಿಸಿದ್ದನ್ನು ಕತ್ತಲಲ್ಲಿ ಮಲಗಿಸಿಡುವುದು ಒಳ್ಳೆಯ ಉಪಾಯ. ಯುವಿ ತಡೆಯುವ ಗಾಜು ಸಹಾಯ ಮಾಡುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಲಿನೋಕಟ್‌ನ ಇಂಗಾಲದ ಕಪ್ಪಿಗೆ ಇದರ ಹೆದರಿಕೆ ಕಡಿಮೆ, ಕೈಬಣ್ಣ ಹಚ್ಚಿದ ಅಚ್ಚುಗಳಿಗೆ ಹೆಚ್ಚು.

ಒಗ್ಗರಣೆಯ ಹೊಗೆ ಮುಟ್ಟುವ ಗೋಡೆ, ದೇವರ ದೀಪ ಕರ್ಪೂರದ ಎದುರಿನ ಗೋಡೆ, ಬಚ್ಚಲಿಗೆ ಅಂಟಿದ ಗೋಡೆ ಬೇಡ. ಮಳೆ ಹೊಡೆಯುವ ಹೊರಗೋಡೆಯ ಒಳಮೈಯಲ್ಲಿ ಬಣ್ಣ ಉಬ್ಬಿದ್ದರೆ ಅಲ್ಲಿ ಓತವಿದೆ. ಫ್ರೇಮಿನ ಬೆನ್ನಿಗೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವ ಶೇಕಡ 65–70 ದಾಟಿ ನಿಂತರೆ ಬೂಷ್ಟಿಗೆ ಹಬ್ಬ, ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮಲ್ಲಿ ಅದು ಮಾಮೂಲು. ಒಳಗೋಡೆ ಆರಿಸಿ, ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಓಡಾಡಲಿ.

ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 57–60 ಇಂಚಿಗೆ ಬರುವಂತೆ ತೂಗುಹಾಕುತ್ತಾರೆ, ನಿಂತು ನೋಡುವವರಿಗಾಗಿ. ನಾವು ಹಾಲ್‌ನಲ್ಲಿ ಕೂತು ಮಾತಾಡುವವರು. ದಿವಾನದ ಎದುರು 50–54 ಇಂಚೇ ಹಿತ. ಸೋಫಾದ ಮೇಲಾದರೆ ಬೆನ್ನಿನಿಂದ 6–8 ಇಂಚು ಬಿಟ್ಟು, ಚಿತ್ರಗಳ ಒಟ್ಟು ಅಗಲ ಸೋಫಾದ ಮೂರನೇ ಎರಡು ಭಾಗದಷ್ಟಿರಲಿ. ಹಲವು ಚಿತ್ರ ಸೇರಿಸುವುದಿದ್ದರೆ ಹಳೆಯ ಪೇಪರನ್ನು ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿ, ನಡುವೆ 2–3 ಇಂಚು ಬಿಡಿ.

ಹೊಸ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಗೋಡೆಗೆ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ. ಹ್ಯಾಮರ್ ಡ್ರಿಲ್ ಬೇಕೇ ಬೇಕು. ಬ್ಲಾಕ್ ಗೋಡೆಯಲ್ಲಿ ಗಾರೆಯೇ ಅರ್ಧ ಇಂಚಿಗೂ ಮಿಗಿಲು ಇರುತ್ತದೆ, 6 ಮಿ.ಮೀ. ಬಿಟ್‌ನಿಂದ ಗಾರೆ ದಾಟಿ ಬ್ಲಾಕಿನೊಳಗೆ ಕೊರೆದು ಪ್ಲಗ್ ಕೂರಿಸಿ. ಗಾರೆಯಲ್ಲೇ ನಿಂತ ಪ್ಲಗ್ ಒಂದು ದಿನ ಮಣ್ಣಿನೊಂದಿಗೆ ಕೈಗೆ ಬರುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ಒಂದರ ಬದಲು ಎರಡು ಸ್ಕ್ರೂ ಹಾಕಿದರೆ ಬಾಗಿಲು ಬಡಿದಾಗೆಲ್ಲ ಫ್ರೇಮ್ ವಾಲುವುದಿಲ್ಲ. ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಳ್ಳಿ. ಗಾಜಿಗೇ ಸಿಂಪಡಿಸಿದರೆ ಕೆಳಗಿನ ಪಟ್ಟಿಯ ಸಂದಿಗೆ ಇಳಿದು ಮೌಂಟ್ ಹೀರಿಕೊಳ್ಳುತ್ತದೆ.

ಮಳೆ ನಿಂತ ಮೇಲೆ, ದಸರಾ ಗೊಂಬೆಗಳನ್ನು ಎತ್ತಿಡುವ ವಾರದಲ್ಲಿ, ಎಲ್ಲ ಚಿತ್ರಗಳನ್ನೂ ಇಳಿಸಿ ಬೆನ್ನು ನೋಡಿ. ಪಟ್ಟಿಯಡಿ ಸಣ್ಣ ಪುಡಿ ಉದುರಿದ್ದರೆ ಮರ ಕೊರೆಯುವ ಹುಳು, ಮಣ್ಣಿನ ಗೆರೆ ಕಂಡರೆ ಗೆದ್ದಲು. ಎರಡಕ್ಕೂ ಚಿತ್ರವನ್ನು ಆ ದಿನವೇ ಪಟ್ಟಿಯಿಂದ ಹೊರತೆಗೆಯಬೇಕು. ಹಾಳೆಯ ಮೇಲೆ ಬೂದು ಬೂಷ್ಟು ಕಂಡರೆ ಒರೆಸಬೇಡಿ, ಬಿಸಿಲಿಗೂ ಹಿಡಿಯಬೇಡಿ. ಒರೆಸಿದರೆ ಅದು ಎಳೆಗಳೊಳಗೆ ಇಳಿಯುತ್ತದೆ. ಗಾಜು ತೆಗೆದು, ಫ್ಯಾನ್ ಇರುವ ಒಣ ಕೋಣೆಯ ನೆರಳಿನಲ್ಲಿ ಒಂದೆರಡು ದಿನ ಮಲಗಿಸಿ, ಪುಡಿಯಾಗಿ ಒಣಗಿದ ಮೇಲೆ ಮೆತ್ತನೆಯ ಒಣ ಬ್ರಷ್‌ನಿಂದ ಮನೆಯ ಹೊರಗೆ ಕೊಡವಿ. ಕಂದು ಕಲೆ ಉಳಿದರೆ ಅದು ಮನೆಮದ್ದಿಗೆ ಬಗ್ಗುವುದಲ್ಲ; ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲೇ ಇದೆ, ಹಾಳೆಯನ್ನು ಸುರುಳಿ ಸುತ್ತದೆ ಎರಡು ಗಟ್ಟಿ ಬೋರ್ಡುಗಳ ನಡುವೆ ಇಟ್ಟು ಒಯ್ಯಿರಿ.